ಎರಡು ಬ್ರೇಕಿನ ಧರ್ಣಪ್ಪ

ಶಿರ್ತಾಡಿಯ ಧರ್ಣಪ್ಪನ ಮೋಟಾರ್ ಸೈಕಲಿಗೆ ಎರಡು ಬ್ರೇಕುಗಳಿದ್ದವು. ಒಂದೇ ಇದ್ದಿದ್ದರೆ ಅವನಿಗೆ ಆ ದಿನ ಅಷ್ಟು ಫಜೀತಿ ಆಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಮೋಟಾರ್ ಸೈಕಲು ಅವನದ್ದೇ ಅಲ್ಲ. ಧರ್ಣಪ್ಪ ಒಂದು ಬೀಡಿ ಕಂಪನಿಯ ಚೆಕ್ಕರ್. ಹಳ್ಳಿಯ ಬ್ರಾಂಚುಗಳಿಗೆ ಹೋಗಿ, ಹೆಂಗಸರು ಕಟ್ಟಿ ತಂದ ಬೀಡಿಗಳನ್ನು ಬೆರಳಲ್ಲಿ ಒತ್ತಿ ನೋಡಿ, ಸಡಿಲಾದದ್ದನ್ನು ಮುರಿದು ಪಕ್ಕಕ್ಕೆ ಹಾಕುವುದು ಅವನ ಉದ್ಯೋಗ. ಇದರಿಂದ ಅವನಿಗೆ ಸಂಬಳವೂ ಶಾಪವೂ ತಪ್ಪದೆ ಬರುತ್ತಿದ್ದವು. ಇಷ್ಟು ವರ್ಷ ಸೈಕಲು ತುಳಿದು ತುಳಿದು ಅವನ ಕಾಲುಗಳು ಒಣಗಿದ ತೆಂಗಿನ ಕೊತ್ತಳಿಗೆಯಂತಾಗಿದ್ದವು. ಹೀಗಿರುವಾಗ ಕಂಪನಿಯ ಸೇಸಪ್ಪ ಧಣಿಗಳು ಮಿಲಿಟರಿಯವರು ಹರಾಜು ಹಾಕಿದ ಒಂದು ಮೋಟಾರ್ ಸೈಕಲನ್ನು ಮಂಗಳೂರಿನಿಂದ ತರಿಸಿದರು. ಉದ್ದನೆಯ ಮೈ, ತಗ್ಗಾದ ಸೀಟು, ಕೋಣದ ಕೊಂಬಿನಂತೆ ಅಗಲಕ್ಕೆ ಬಾಗಿದ ಹ್ಯಾಂಡಲು. ಅದರ ಮೇಲೆ ಕೂತರೆ ಜಗಲಿಯ ಆರಾಮ ಕುರ್ಚಿಯಲ್ಲಿ ಕಾಲು ಚಾಚಿದ ಹಾಗೆ. ಭಾರವೆಂದರೆ, ಬಿದ್ದರೆ ಎತ್ತಲು ಊರು ಸೇರಬೇಕು.

"ನೋಡು ಧರ್ಣಪ್ಪ," ಎಂದಿದ್ದರು ಧಣಿಗಳು. "ಲೈಸೆನ್ಸ್ ಮಾಡಿಸಿಕೋ. ಮೂಡಬಿದ್ರಿ, ಬಂಟ್ವಾಳ, ಬೆಳ್ತಂಗಡಿ ಮೂರು ಕಡೆಗೂ ನೀನೇ ದೊಡ್ಡ ಚೆಕ್ಕರ್. ಗಾಡಿಯೂ ನಿನ್ನ ಕೈಯಲ್ಲೇ. ಆಗುವುದಿಲ್ಲವೋ, ನನ್ನ ಅಳಿಯ ಜತ್ತಪ್ಪ ಉಂಟಲ್ಲ."

ಜತ್ತಪ್ಪ ಧಣಿಗಳ ತಂಗಿಯ ಮಗ. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಮನೆಯಲ್ಲಿ ತಂಗಿಯ ಮಗನೆಂದರೆ ಯಾವ ತೂಕ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೀಡಿಯ ಬಾಲ ಯಾವುದು ತಲೆ ಯಾವುದು ಎಂದು ತಿಳಿಯದಿದ್ದರೂ ಅವನು ಆಗಲೇ ಒಂದು ಕಪ್ಪು ಕನ್ನಡಕ ಕೊಂಡು ಸಿದ್ಧವಾಗಿದ್ದ.

ಲೈಸೆನ್ಸ್ ಕೊಡುವ ಅಧಿಕಾರಿಯನ್ನು ನಮ್ಮ ಕಡೆ ಎಲ್ಲರೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುವುದು. ಗಾಡಿ ಓಡುತ್ತದೋ ಎಂದು ಆತ ಕೇಳುವುದಿಲ್ಲ, ನಿಲ್ಲುತ್ತದೋ ಎಂದಷ್ಟೇ ಕೇಳುವುದು. ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ಬಂದವರು ಈ ಇನ್‌ಸ್ಪೆಕ್ಟರು. ತಿಂಗಳಿಗೊಮ್ಮೆ ಬಂಟ್ವಾಳದ ಸರಕಾರಿ ಬಂಗಲೆಯಲ್ಲಿ ಕ್ಯಾಂಪು ಮಾಡಿ, ಎದುರಿನ ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆಸಿ, ಆಚೆ ಮೇಜು ಹಾಕಿ ಕೂರುತ್ತಿದ್ದರು. ಗೆರೆಯ ಮೇಲೆ ನಿಲ್ಲಿಸಿದರೆ ಪಾಸು.

ಧರ್ಣಪ್ಪ ಎರಡು ಸಲ ಹೋಗಿದ್ದ. ಮೊದಲ ಸಲ ಹೋದದ್ದು ಪಕ್ಕದ ಮನೆಯ ಹವಾಲ್ದಾರ್ ಹುಕ್ರಪ್ಪನವರ ಶಿಷ್ಯನಾಗಿ. ಹುಕ್ರಪ್ಪನವರು ಮಿಲಿಟರಿಯ ಪಟಾಲಮ್ಮಿನಲ್ಲಿದ್ದು ನಿವೃತ್ತರಾದವರು. "ಓಡುವ ಕೋಣವನ್ನು ಮೂಗುದಾರದಲ್ಲಿ ಹಿಡಿಯುವುದೋ, ಬಾಲದಲ್ಲಿ ಹಿಡಿಯುವುದೋ? ಮುಂದಿನ ಬ್ರೇಕೇ ಬ್ರೇಕು!" ಎಂಬುದು ಅವರ ಸಿದ್ಧಾಂತ. ಧರ್ಣಪ್ಪ ಮುಂದಿನ ಬ್ರೇಕನ್ನು ಮುಷ್ಟಿ ಕಟ್ಟಿ ಹಿಡಿದ. ಗಾಡಿ ಗೆರೆಯ ಮೇಲೆಯೇ ನಿಂತಿತು, ಧರ್ಣಪ್ಪ ನಿಲ್ಲಲಿಲ್ಲ. ಹ್ಯಾಂಡಲಿನ ಮೇಲಿಂದ ಹಾರಿ ಇನ್‌ಸ್ಪೆಕ್ಟರರ ಕಾಲಬುಡದಲ್ಲಿ ಸಾಷ್ಟಾಂಗ ಬಿದ್ದ. "ಇಷ್ಟೊಂದು ಭಕ್ತಿ ಬೇಡ. ಮುಂದಿನ ತಿಂಗಳು ಬನ್ನಿ," ಎಂದರು ಅವರು.

ಎರಡನೆಯ ಸಲ ಇನ್ನೊಂದು ಪಕ್ಕದ ಮನೆಯ ಬಸ್ಸು ಡ್ರೈವರ್ ಬಾವಾನ ಶಿಷ್ಯನಾಗಿ ಹೋದ. "ಬಾವಿಗೆ ಬಗ್ಗಿದವನನ್ನು ಹಿಂದಿನಿಂದ ಹಿಡಿದು ಎಳೆಯಬೇಕಾ, ಎದುರಿನಿಂದ ತಡೆಯಬೇಕಾ? ಹಿಂದಿನ ಬ್ರೇಕ್ ಹಾಕು ಮಾರಾಯ," ಎಂದಿದ್ದ ಬಾವಾ. ಧರ್ಣಪ್ಪ ಹಿಂದಿನ ಬ್ರೇಕನ್ನು ಮೆಟ್ಟಿದ. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು, ಗಾಡಿ ಹೋಗುವುದನ್ನು ನಿಲ್ಲಿಸಲಿಲ್ಲ. ಮರಳ ಮೇಲೆ ದೋಣಿ ಜಾರಿದಂತೆ ಸರ್ರನೆ ಗೆರೆ ದಾಟಿ, ಇನ್‌ಸ್ಪೆಕ್ಟರರ ಮೇಜು ದಾಟಿ, ಅದರ ಮೇಲಿದ್ದ ಮಸಿಕುಡಿಕೆಯನ್ನೂ ಹೊತ್ತುಕೊಂಡು ಬಂಗಲೆಯ ಮೆಟ್ಟಿಲಲ್ಲಿ ನಿಂತಿತು. ಇನ್‌ಸ್ಪೆಕ್ಟರರು ಬಿಳಿ ಅಂಗಿ ಹಾಕಿದ್ದರು ಎಂದಷ್ಟೇ ಹೇಳಿದರೆ ಸಾಕು.

ಅಂದಿನಿಂದ ಹವಾಲ್ದಾರರಿಗೂ ಬಾವಾನಿಗೂ ಮಾತು ಬಿಟ್ಟುಹೋಗಿತ್ತು. ನಡುವಿನ ಮನೆಯ ಧರ್ಣಪ್ಪನೊಡನೆ ಮಾತ್ರ ಇಬ್ಬರೂ ಮಾತಾಡುತ್ತಿದ್ದರು, ಅದೂ ದಿನವಿಡೀ. ಪಾಪದವನು, ಯಾರು ಏನು ಹೇಳಿದರೂ 'ಆಗಲಿ' ಎನ್ನುವ ಪ್ರಾಣಿ. ಈಗ ಮೂರನೆಯ ಸಲ. ಈ ಸಲವೂ ತಪ್ಪಿದರೆ ಗಾಡಿಯೂ ಕೆಲಸವೂ ಅಳಿಯನಿಗೆ ಎಂದು ಧಣಿಗಳು ಸ್ಪಷ್ಟವಾಗಿ ಹೇಳಿಯಾಗಿತ್ತು.

ಬೆಳಿಗ್ಗೆ ಧರ್ಣಪ್ಪ ಗಂಜಿ ಉಣ್ಣುತ್ತಿದ್ದಾಗ ಹೆಂಡತಿ ವಾರಿಜಾಕ್ಷಿ ಚಟ್ನಿ ಬಡಿಸುತ್ತ, "ಇವತ್ತಾದರೂ ಗಾಡಿಯೂ ನೀವೂ ಒಂದೇ ಕಡೆ ನಿಲ್ಲಿ," ಎಂದಳು. ಅಷ್ಟರಲ್ಲಿ ಬಾವಾ ಕೈಯಲ್ಲಿ ಸ್ಪ್ಯಾನರು ಹಿಡಿದು ಅಂಗಳಕ್ಕೆ ಬಂದ. ಮೊದಲ ಟ್ರಿಪ್ಪಿಗೆ ಬಸ್ಸು ತೆಗೆಯುವ ಮುಂಚೆ ಶಿಷ್ಯನನ್ನು ಹರಸಿ ಹೋಗಲು ಬಂದವನು.

"ಧರ್ಣಪ್ಪ, ನಾನು ರಾತ್ರಿ ಆಲೋಚನೆ ಮಾಡಿದೆ. ನಿನ್ನದು ಗಾಬರಿಯ ಜೀವ. ಗಾಬರಿಯಲ್ಲಿ ಕೈ ಸುಮ್ಮನೆ ಕೂರುವುದಿಲ್ಲ, ಮುಂದಿನದ್ದನ್ನು ಎಳೆದೇ ಎಳೆಯುತ್ತದೆ. ಆ ಕೈಗೆ ಕೆಲಸವೇ ಇಲ್ಲದ ಹಾಗೆ ಮಾಡಿಬಿಡುವ."

"ಅಂದರೆ ಬಾವಾಕ?"

ಅಂದರೆ ಏನೆಂದು ಬಾವಾ ಬಾಯಲ್ಲಿ ಹೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತು ಮುಂದಿನ ಬ್ರೇಕಿನ ಕೇಬಲನ್ನು ಬಿಚ್ಚಿದ. ಕೊನೆಯನ್ನು ಕಾಣದಂತೆ ನೂಲಿನಲ್ಲಿ ಕಟ್ಟಿದ. ಅದನ್ನು ಹಿಡಿದಿಟ್ಟ ಸ್ಕ್ರೂವನ್ನು ತನ್ನ ಖಾಕಿ ಅಂಗಿಯ ಕಿಸೆಗೆ ಹಾಕಿಕೊಂಡ.

"ಲೈಸೆನ್ಸ್ ಸಿಕ್ಕಿದ ಮೇಲೆ ಬಂಟ್ವಾಳ ಸ್ಟ್ಯಾಂಡಿನಲ್ಲಿ ಬಂದು ತಗೋ. ಆ ಮಿಲಿಟರಿಗೆ ಮಾತ್ರ ಹೇಳಬೇಡ. ಹೇಳಿದರೆ ನಿನ್ನ ಮನೆಗೆ ಕಾಲಿಡ್ಲಿಕ್ಕಿಲ್ಲ ನಾನು."

"ಆಗಲಿ," ಎಂದ ಧರ್ಣಪ್ಪ. ಬೇರೆ ಏನು ಹೇಳುತ್ತಾನೆ?

ಬಾವಾ ಹೋದ ಮೇಲೆ ಹವಾಲ್ದಾರರು ಬಂದರು. ಕಲಿಯುವವನ ಹಿಂದೆ ಲೈಸೆನ್ಸ್ ಇದ್ದವರು ಕೂರಬೇಕೆಂಬುದು ಸರಕಾರದ ನಿಯಮವಾದ್ದರಿಂದ ಅವರು ಹಳೆಯ ಯೂನಿಫಾರ್ಮು ತೊಟ್ಟು, ಪದಕ ಸಿಕ್ಕಿಸಿ, ಮೀಸೆ ತಿರುವಿಕೊಂಡು ಹಿಂದೆ ಏರಿ ಕೂತರು. "ಚಲೋ!" ಎಂದರು.

ಮೂಡಬಿದ್ರಿ ಪೇಟೆ ದಾಟುವವರೆಗೆ ಎಲ್ಲ ಸುಸೂತ್ರವಾಗಿತ್ತು. ಸಿದ್ಧಕಟ್ಟೆಯ ಹತ್ತಿರ ಒಂದು ಇಳಿಜಾರಿನಲ್ಲಿ, ಕೆಂಪು ಜಲ್ಲಿ ಹರಡಿದ ತಿರುವಿನಲ್ಲಿ ಒಂದು ಆಡು ಅಡ್ಡ ಬಂತು. ಧರ್ಣಪ್ಪ ಹಿಂದಿನ ಬ್ರೇಕನ್ನು ಮೆಟ್ಟಿದ. ಗಾಡಿಯ ಉದ್ದ ಮೈ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸಿತು. ಆಡು ಉಳಿಯಿತು, ಧರ್ಣಪ್ಪನೂ ಹೇಗೋ ಹ್ಯಾಂಡಲಿಗೆ ಜೋತುಬಿದ್ದು ಉಳಿದ. ಗಾಡಿ ಬಹಳ ದೂರ ಹೋಗಿ ನಿಂತಾಗ ಹಿಂದಿನ ಸೀಟು ಖಾಲಿಯಾಗಿತ್ತು.

ಹವಾಲ್ದಾರರು ನೀರಿನ ತೋಡಿನ ಬದಿಯ ಕೇದಗೆಯ ಪೊದೆಯಿಂದ ಹೊರಬಂದರು. ಮೈಯೆಲ್ಲ ಮುಳ್ಳು, ಜೊತೆಗೆ ಸಣ್ಣಗೆ ಪರಿಮಳ. ಬಂದವರೇ ಜಲ್ಲಿಯಲ್ಲಿ ಎಳೆದ ಚಕ್ರದ ಗುರುತನ್ನು ಉದ್ದಕ್ಕೂ ನಡೆದು ನೋಡಿದರು.

"ಹಿಂದಿನ ಬ್ರೇಕ್! ಆ ಬಸ್ಸಿನವನ ವಿದ್ಯೆ! ಇಷ್ಟು ಉದ್ದಕ್ಕೆ ಗೀರು ಬಿದ್ದಿದೆ, ಆದರೂ ಗಾಡಿ ನಿಂತಿತಾ?"

"ಹವಾಲ್ದಾರ್ರೇ, ಅದು ಎಂತ ಅಂದರೆ, ಮುಂದಿನದ್ದು..."

"ಮುಂದಿನದ್ದೇ! ನಾನು ಇಷ್ಟು ದಿನ ಹೇಳಿದ್ದೂ ಅದನ್ನೇ!" ಹವಾಲ್ದಾರರು ಹಲ್ಲು ಕಚ್ಚಿ, ಹಿಂದಿನ ಬ್ರೇಕಿನ ಸರಳನ್ನು ಹಿಡಿದಿಟ್ಟ ನಟ್ಟನ್ನು ಬೆರಳಲ್ಲೇ ತಿರುಗಿಸಿ ತೆಗೆದರು. "ಈ ಚಪಲವೇ ನಿನಗೆ ಬೇಡ. ಲೈಸೆನ್ಸ್ ಆಗುವವರೆಗೆ ಇದು ನನ್ನ ಕಿಸೆಯಲ್ಲಿ."

"ಆದರೆ ಹವಾಲ್ದಾರ್ರೇ..."

"ಚುಪ್! ಶಿಸ್ತು ಅಂದರೆ ಶಿಸ್ತು. ಆ ಬಾವಾನಿಗೆ ಮಾತ್ರ ಹೇಳಬೇಡ, ನಗ್ತಾನೆ."

ಬಾಯಿ ಬಿಟ್ಟು ಹೇಳಿದರೆ ಬಾವಾನ ಸ್ನೇಹ ಹೋಯಿತು, ಹವಾಲ್ದಾರರ ಕೋಪ ಬಂತು, ಇಬ್ಬರ ಜಗಳ ಮುಗಿಯುವಷ್ಟರಲ್ಲಿ ಇನ್‌ಸ್ಪೆಕ್ಟರು ಗಂಟು ಕಟ್ಟಿ ಹೋಗಿರುತ್ತಾರೆ. ಹೇಳದಿದ್ದರೆ ಪ್ರಾಣ ಹೋಗುತ್ತದೆ, ಅಷ್ಟೆ. ಬಂಟ್ವಾಳ ಸ್ಟ್ಯಾಂಡು ಮುಟ್ಟಿದರೆ ಬಾವಾನಿಂದ ಸ್ಕ್ರೂ ಇಸಿದುಕೊಳ್ಳಬಹುದು ಎಂದು ಲೆಕ್ಕ ಹಾಕಿ ಧರ್ಣಪ್ಪ ಕಣ್ಣು ಮುಚ್ಚಿ ಕಿಕ್ಕು ಹೊಡೆದ.

ನಮ್ಮ ಕಡೆ ಪರಿಚಯದವರು ದಾರಿಯಲ್ಲಿ ಸಿಕ್ಕರೆ ನಿಂತು 'ಎಲ್ಲಿಗೆ?' ಎಂದು ಕೇಳದೆ ಹೋಗುವ ಪದ್ಧತಿಯಿಲ್ಲ. ಹೋದರೆ ಅವನಿಗೆ ಹಮ್ಮು ಬಂತೆಂದು ಅರ್ಥ. ಬ್ರೇಕಿಗಿಂತ ದೊಡ್ಡ ಬ್ರೇಕು ಈ ಮರ್ಯಾದೆ. ಅಂದು ಸಿದ್ಧಕಟ್ಟೆಯಿಂದ ಬಂಟ್ವಾಳದವರೆಗೆ ಧರ್ಣಪ್ಪನ ಪರಿಚಯದವರೆಲ್ಲ ಏನೋ ಹರಕೆ ಹೊತ್ತವರಂತೆ ರಸ್ತೆ ಬದಿಯಲ್ಲೇ ನಿಂತಿದ್ದರು.

ಬ್ರಾಂಚಿನ ಸುಂದರಿ ಬೀಡಿ ತುಂಬಿದ ಬಿದಿರಿನ ತಡ್ಪೆ ತಲೆಯ ಮೇಲಿಟ್ಟು ಎದುರಾದಳು. "ಧರ್ಣಪ್ಪಣ್ಣ, ಓಡೆಗ್?"

"ಬಂಟ್ವಾಳಕ್ಕೆ!" ಎಂಬ ಉತ್ತರ ಅವಳ ಕಿವಿಗೆ ಬೀಳುವಾಗ ಧರ್ಣಪ್ಪ ಮುಂದಿನ ತಿರುವಿನಲ್ಲಿದ್ದ.

ಮುಂದೆ ಕೊಡೆ ಎತ್ತಿ ಅಡ್ಡ ನಿಂತವರು ಚನಿಯಪ್ಪನವರು. ಹವಾಲ್ದಾರರು ಬೆನ್ನಿಗೆ ತಿವಿದರು. "ನಿಲ್ಲಿಸು ಮಾರಾಯ! ನಿನ್ನ ಹೆಂಡತಿಯ ಸೋದರಮಾವ!"

"ಬರುವಾಗ ನಿಲ್ಲಿಸ್ತೇನೆ!"

"ಕೊಡೆ ಎತ್ತಿದ್ದಾರೆ ನೋಡು!"

"ಬಿಸಿಲು ಉಂಟಲ್ಲ, ಅದಕ್ಕೆ!"

ಚನಿಯಪ್ಪನವರು ಕೊನೆಯ ಗಳಿಗೆಯಲ್ಲಿ ಗದ್ದೆಗೆ ಹಾರಿದರು. ಮಾವನಿಗೆ ಅಳಿಯ ತೋರಿಸಿದ ಈ ಮರ್ಯಾದೆಯ ಸುದ್ದಿ ಸಂಜೆಯೊಳಗೆ ವಾರಿಜಾಕ್ಷಿಗೆ ಮುಟ್ಟುವುದು ಖಂಡಿತ. ಅದರ ನಂತರ ಬೈಹುಲ್ಲು ಹೊತ್ತವನೊಬ್ಬ ಸಿಕ್ಕಿದ. ಹುಲ್ಲಿನ ಹೊರೆಯೊಳಗೆ ಹೊಕ್ಕು ಆಚೆ ಹೊರಬರುವಾಗ ಹವಾಲ್ದಾರರ ಟೋಪಿಯಲ್ಲಿ ಎರಡು ಕಂತೆ ಹುಲ್ಲು ಜುಟ್ಟಿನಂತೆ ನಿಂತಿತ್ತು.

"ಶಾಬಾಸ್!" ಎಂದರು ಅವರು. "ಬ್ರೇಕಿನ ಮೇಲೆ ವಿಶ್ವಾಸ ಇದ್ದವನು ಮಾತ್ರ ಹೀಗೆ ಓಡಿಸ್ತಾನೆ."

ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಯ ಹತ್ತಿರ ಬಸ್ಸು ಸ್ಟ್ಯಾಂಡು. ಪೇಟೆ ಸಮೀಪಿಸಿದಂತೆ ಧರ್ಣಪ್ಪ ಹೆದರಿಕೆಯಿಂದ ಗೇರನ್ನು ಒಂದೊಂದಾಗಿ ಕೆಳಗಿಳಿಸಿದ. ಒಂದನೆಯ ಗೇರಿಗೆ ಬಿದ್ದಾಗ ಇಂಜಿನು ಗೊರಗೊರ ಎಂದು ಮುಲುಕಿ, ಗಾಡಿ ತಾನಾಗಿ ಬಿಗಿಹಿಡಿದು ನಿಧಾನವಾಯಿತು. ಬ್ರೇಕಿನ ಮೂರನೆಯ ಮಾರ್ಗ ಅವನಿಗೆ ತಿಳಿದದ್ದು ಹೀಗೆ. ಕೊನೆಗೆ ಗಾಡಿ ನಿಂತಿದ್ದ ಬಸ್ಸೊಂದರ ಹಿಂದಿನ ಟಯರಿಗೆ ಮೆಲ್ಲಗೆ ಮೂತಿ ಒತ್ತಿ ನಿಂತಿತು. ಅದು ಬಾವಾನ ಬಸ್ಸೇ ಆಗಿತ್ತು.

"ನೋಡಿದೆಯಾ! ಎಂಥ ಹದದಲ್ಲಿ ನಿಲ್ಲಿಸಿದೆ!" ಬಾವಾ ಇಳಿದು ಓಡಿ ಬಂದ. "ಹಿಂದಿನ ಬ್ರೇಕಿನ ಗುಣ!"

"ಹಿಂದಿನದ್ದಂತೆ!" ಹವಾಲ್ದಾರರು ಆಕಾಶಕ್ಕೆ ಹೇಳಿದರು. ಬಾವಾನೊಡನೆ ಮಾತಿರಲಿಲ್ಲವಲ್ಲ. "ಧರ್ಣಪ್ಪ, ಕೆಲವರಿಗೆ ಹೇಳು, ಇದು ಮುಂದಿನದ್ದು ಎಂದು!"

"ಧರ್ಣಪ್ಪ, ಕೆಲವರಿಗೆ ಹೇಳು, ಪಟಾಲಮ್ಮಿನಲ್ಲಿ ಹೇಸರಗತ್ತೆ ಮಾತ್ರ ಇದ್ದದ್ದು ಎಂದು!"

ಧರ್ಣಪ್ಪ ಬಾವಾನನ್ನು ಬಸ್ಸಿನ ಮರೆಗೆ ಎಳೆದ. "ಬಾವಾಕ, ಆ ಸ್ಕ್ರೂ ಒಮ್ಮೆ ಕೊಡಿ. ನಿಮ್ಮ ಕಾಲು ಹಿಡೀತೇನೆ."

"ಈಗ ಯಾಕೆ?"

ಹವಾಲ್ದಾರರ ತಲೆ ಬಸ್ಸಿನ ಮೂಲೆಯಲ್ಲಿ ಇಣುಕಿತು. "ಯಾವ ಸ್ಕ್ರೂ?"

"ಏನಿಲ್ಲ ಹವಾಲ್ದಾರ್ರೇ, ನನ್ನ ತಲೆಯದ್ದು," ಎಂದ ಧರ್ಣಪ್ಪ, ಅಳುವುದೊಂದು ಬಾಕಿ. ಅಷ್ಟರಲ್ಲಿ ಮೇಲಿನಿಂದ ಜವಾನನ ಕೂಗು ಕೇಳಿತು. "ಶಿರ್ತಾಡಿ ಧರ್ಣಪ್ಪಾ! ಧರ್ಣಪ್ಪ ಇದ್ದಾರಾ? ಇಲ್ಲದಿದ್ದರೆ ಹೆಸರು ಹೊಡೆದುಹಾಕ್ತಾರಂತೆ!"

ಅವನ ಪುಣ್ಯವೋ ಪಾಪವೋ, ಅಂದು ಪರೀಕ್ಷೆಯ ದಿಕ್ಕು ಬದಲಾಗಿತ್ತು. ಕಳೆದ ತಿಂಗಳು ಮಸಿ ಚೆಲ್ಲಿಸಿಕೊಂಡ ಮೇಲೆ ಇನ್‌ಸ್ಪೆಕ್ಟರರು ಬುದ್ಧಿ ಕಲಿತು, ಮೇಜನ್ನು ಬಂಗಲೆಯ ಏರಿನ ತುದಿಯಲ್ಲಿ ಹಾಕಿಸಿದ್ದರು. ಪರೀಕ್ಷೆಗೆ ಬಂದವರು ಕೆಳಗಿನ ಸ್ಟ್ಯಾಂಡಿನಿಂದ ಹೊರಟು ಏರು ಹತ್ತಿ ಬಂದು ಗೆರೆಯಲ್ಲಿ ನಿಲ್ಲಿಸಬೇಕು. ತನ್ನಿಂದಲೇ ಆದ ವ್ಯವಸ್ಥೆ ಇದೆಂದು ಧರ್ಣಪ್ಪನಿಗೆ ತಿಳಿಯಲಿಲ್ಲ. ಅವನು ಮನೆದೇವರನ್ನೂ ಊರಿನ ಭೂತವನ್ನೂ ಒಟ್ಟಿಗೆ ನೆನೆದು ಗಾಡಿ ಬಿಟ್ಟ.

ಅರ್ಧ ಏರಿನಲ್ಲಿ ಬಿಳಿ ಗೆರೆ ಕಂಡಿತು. ಅದರ ಆಚೆ ಮೇಜು ಕಂಡಿತು. ಮೇಜಿನ ಆಚೆ, ಈ ಸಲ ಕಂದು ಅಂಗಿ ತೊಟ್ಟ ಇನ್‌ಸ್ಪೆಕ್ಟರರು ಕುರ್ಚಿ ಬಿಟ್ಟು ಎದ್ದು ನಿಂತದ್ದೂ ಕಂಡಿತು. ಧರ್ಣಪ್ಪ ಗೇರನ್ನು ಒಂದಕ್ಕೆ ತಂದು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟುಬಿಟ್ಟ. ಏರು, ಗಾಡಿಯ ಭಾರ, ಒಂದನೆಯ ಗೇರು ಮೂರೂ ಸೇರಿ ಅದನ್ನು ಅಮ್ಮ ಮಗುವನ್ನು ತಡೆದಂತೆ ತಡೆದವು. ಇಂಜಿನು ಒಮ್ಮೆ ಕೆಮ್ಮಿ ಆರಿತು. ಗಾಡಿ ಗೇರಿನಲ್ಲೇ ಇದ್ದುದರಿಂದ ಹಿಂದಕ್ಕೂ ಜಾರಲಿಲ್ಲ. ಚಕ್ರಕ್ಕೂ ಗೆರೆಗೂ ನಡುವೆ ಒಂದು ಬೀಡಿ ಇಡುವಷ್ಟು ಜಾಗವಿತ್ತು.

ಇನ್‌ಸ್ಪೆಕ್ಟರರು ಮೇಜಿನ ಹಿಂದಿನಿಂದ ಬಂದರು. ಬಗ್ಗಿ ನೆಲ ನೋಡಿದರು. ಮುಂದಿನ ಚಕ್ರ ನೋಡಿದರು, ಹಿಂದಿನ ಚಕ್ರ ನೋಡಿದರು. ಮತ್ತೆ ಎದ್ದಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು.

"ಏನ್ರೀ ಧರ್ಣಪ್ಪ! ಎಲ್ಲಿ ಕಲಿತ್ರಿ ಇದನ್ನ?"

"ದಾರಿಯಲ್ಲಿ ಸಾರ್."

"ಕೇಳಿ ಎಲ್ರೂ!" ಇನ್‌ಸ್ಪೆಕ್ಟರರು ಸುತ್ತ ಸೇರಿದವರತ್ತ ತಿರುಗಿದರು. "ನನ್ನ ಇಡೀ ಸರ್ವೀಸಲ್ಲಿ ಇಂಥ ಬ್ರೇಕ್ ನೋಡಿಲ್ಲ. ಬರೀ ಮುಂದಿನದು ಹಿಡಿದ್ರೆ ಭಾರವೆಲ್ಲ ಮೂತಿಗೆ ಬಂದು ಗಾಡಿ ಮುಗ್ಗರಿಸುತ್ತೆ. ಬರೀ ಹಿಂದಿನದು ಹಿಡಿದ್ರೆ, ಇಂಥ ಉದ್ದ ಗಾಡಿ ಚಕ್ರ ನಿಂತ್ರೂ ತಾನು ನಿಲ್ಲದೆ ಜಾರುತ್ತೆ. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡೀಬೇಕು. ನಾನು ಈ ಜಿಲ್ಲೆಗೆ ಬಂದಾಗಿಂದ ಬಡ್ಕೋತಾ ಇದೀನಿ, ಯಾರೂ ಕೇಳಲ್ಲ. ಇವರನ್ನ ನೋಡಿ! ಮೂತಿ ತಗ್ಗಲಿಲ್ಲ, ಬಾಲ ಜಾರಲಿಲ್ಲ. ಮುಂದಿನ ಬ್ರೇಕು ಎಷ್ಟೋ ಹಿಂದಿನ ಬ್ರೇಕೂ ಅಷ್ಟೇ. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ!"

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಾದ್ದರಿಂದ ಧರ್ಣಪ್ಪ ತಲೆ ತಗ್ಗಿಸಿದ. ಜನ ಅದನ್ನು ವಿನಯವೆಂದುಕೊಂಡರು.

ಇನ್‌ಸ್ಪೆಕ್ಟರರು ಅಲ್ಲೇ ನಿಂತು ಲೈಸೆನ್ಸಿನ ಕೆಂಪು ಪುಸ್ತಕಕ್ಕೆ ಸಹಿ ಹಾಕಿದರು. ಮೊಹರು ಒಳಗಿದೆ ಎಂದು ಪುಸ್ತಕವನ್ನು ಕಿಸೆಯಲ್ಲಿ ಇಟ್ಟುಕೊಂಡರು. ಕೆಂಪು ಅಂಚೊಂದು ಕಿಸೆಯಿಂದ ಇಣುಕುತ್ತಿತ್ತು. ಧರ್ಣಪ್ಪನಿಗೆ ಅದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ದೊಡ್ಡ ಚೆಕ್ಕರ್! ಇನ್ನು ಸೈಕಲು ತುಳಿಯುವುದೆಂಬುದಿಲ್ಲ. ಎದೆಯೊಳಗೆ ಚೆಂಡೆ ಬಾರಿಸಿದ ಹಾಗಾಯಿತು.

ಅಲ್ಲಿಗೆ ನಿಂತಿದ್ದರೆ ಕತೆ ಮಂಗಳವಾಗುತ್ತಿತ್ತು. ಆದರೆ ಏದುಸಿರು ಬಿಡುತ್ತ ಏರು ಹತ್ತಿ ಬಂದ ಗುರುಗಳಿಬ್ಬರು ಸುಮ್ಮನಿರಬೇಕಲ್ಲ.

"ಸಾಹೇಬ್ರೇ, ಕಲಿಸಿದ್ದು ನಾನು. ಅವನು ಹಿಡಿದದ್ದು ಮುಂದಿನ ಬ್ರೇಕ್ ಮಾತ್ರ," ಎಂದು ಹವಾಲ್ದಾರರು ಸೆಲ್ಯೂಟು ಹೊಡೆದರು.

"ಸುಳ್ಳು ಸಾರ್! ಹಿಂದಿನದ್ದು ಮಾತ್ರ! ಬೇಕಾದರೆ ನಾನು ಆಣೆ ಹಾಕ್ತೇನೆ," ಎಂದ ಬಾವಾ.

ಇನ್‌ಸ್ಪೆಕ್ಟರರ ಮುಖ ಕೆಂಪಾಯಿತು. "ಇಷ್ಟು ಹೊತ್ತು ನಾನು ಹೇಳಿದ್ದು ಕಲ್ಲಿಗಾ? ಎರಡೂ ಸಮವಾಗಿ ಹಿಡೀಬೇಕು ಅಂತ ಈಗ ನಾನೇ ತೋರಿಸ್ತೀನಿ. ಧರ್ಣಪ್ಪ, ಇಳೀರಿ."

ಧರ್ಣಪ್ಪ ಇಳಿದ. ಇಳಿದ ಮೇಲೆ ಅವನಿಗೆ ವಿಷಯ ಹೊಳೆಯಿತು. ಇನ್‌ಸ್ಪೆಕ್ಟರರು ಗಾಡಿಯನ್ನು ಕೆಳಮುಖವಾಗಿ ತಿರುಗಿಸಿಕೊಂಡು ಆಗಲೇ ಕೂತಾಗಿತ್ತು. ಎದುರಿಗೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಪೇಟೆ, ಪೇಟೆಯ ಆಚೆ ಹೊಳೆ.

"ಸಾರ್!"

"ಏನ್ರೀ?"

ಹೇಳಿದರೆ ಆ ಕೆಂಪು ಪುಸ್ತಕ ಚೂರುಚೂರು. ಹೇಳದಿದ್ದರೆ ಈ ಪುಣ್ಯಾತ್ಮ ಚೂರುಚೂರು. ತನ್ನ ಬಗ್ಗೆ ಧರ್ಣಪ್ಪನಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. "ಸ್ವಲ್ಪ... ನಿಧಾನ ಸಾರ್," ಎಂದ.

"ನನಗೇ ಹೇಳ್ತೀರಾ!" ಎಂದು ನಗುತ್ತ ಇನ್‌ಸ್ಪೆಕ್ಟರರು ಹೊರಟೇಬಿಟ್ಟರು.

ಆಗ ಮನಸ್ಸಾಕ್ಷಿ ಧರ್ಣಪ್ಪನ ಕತ್ತು ಹಿಡಿಯಿತು. "ಸಾರ್! ಬ್ರೇಕ್ ಇಲ್ಲ ಸಾರ್! ಎರಡೂ ಇಲ್ಲ!" ಎಂದು ಕೂಗುತ್ತ ಅವನು ಮುಂಡು ಎತ್ತಿಕಟ್ಟಿ ಹಿಂದೆ ಓಡಿದ. ಆದರೆ ಅವನ ಅಕ್ಕಪಕ್ಕದಲ್ಲಿ ಇನ್ನೂ ಇಬ್ಬರು ಅವನಿಗಿಂತ ಜೋರಾಗಿ ಕೂಗುತ್ತ ಓಡುತ್ತಿದ್ದರು.

"ಮುಂದಿನದ್ದು ಹಿಡೀರಿ ಸಾಹೇಬ್ರೇ! ಮುಂದಿನದ್ದು!"

"ಹಿಂದಿನದ್ದು ಮೆಟ್ಟಿ ಸಾರ್! ಹಿಂದಿನದ್ದು!"

ಇನ್‌ಸ್ಪೆಕ್ಟರರು ಇಬ್ಬರ ಮಾತನ್ನೂ ನಡೆಸಿಕೊಟ್ಟರು. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿದರು. ಆಮೇಲೆ ಹದ ಬಿಟ್ಟು ಹಿಡಿದರು. ಆಮೇಲೆ ಎರಡು ಕೈ ಎರಡು ಕಾಲು ಎಲ್ಲದರಲ್ಲೂ ಹಿಡಿದರು. ಗಾಡಿ ಹಗ್ಗ ಹರಿದ ಹೋರಿಯಂತೆ ಬಸ್ಸು ಸ್ಟ್ಯಾಂಡು ದಾಟಿ, ಮೀನು ಮಾರುವ ಹೆಂಗಸರ ನಡುವೆ ಹಾದು, ದೋಣಿ ಕಟ್ಟುವ ದಕ್ಕೆಯ ಮೆಟ್ಟಿಲುಗಳನ್ನು ಟಕಟಕ ಇಳಿದು, ನೇತ್ರಾವತಿಯ ಮೊಣಕಾಲುದ್ದ ನೀರಿಗೆ ಹೋಗಿ ಮಲಗಿತು.

ಧರ್ಣಪ್ಪ ಎಲ್ಲರಿಗಿಂತ ಮೊದಲು ನೀರಿಗಿಳಿದ. ಇನ್‌ಸ್ಪೆಕ್ಟರರು ಕೂತ ಭಂಗಿಯಲ್ಲೇ ನೀರಿನಲ್ಲಿ ಕೂತಿದ್ದರು. ಪೆಟ್ಟೇನೂ ಆಗಿರಲಿಲ್ಲ. ಅವರ ಒಂದು ಕೈಯಲ್ಲಿ ಗಾಡಿಯಿಂದ ಕಳಚಿ ಬಂದ ಕೇಬಲು, ತುದಿಯಲ್ಲಿ ಬಾವಾನ ನೂಲು. ಅವರು ನೂಲನ್ನು ನೋಡಿದರು, ನೀರಿನಿಂದ ಇಣುಕುತ್ತಿದ್ದ ಹಿಂದಿನ ಬ್ರೇಕಿನ ಸಡಿಲ ಸರಳನ್ನೂ ನೋಡಿದರು.

"ಎರಡೂ ಇರ್ಲಿಲ್ಲ ಅಲ್ವಾ?" ಎಂದು ಪಿಸುಗುಟ್ಟಿದರು.

"ಇರಲಿಲ್ಲ ಸಾರ್. ತಪ್ಪಾಯಿತು. ಲೈಸೆನ್ಸ್ ಹರಿದುಬಿಡಿ."

ದಂಡೆಯಲ್ಲಿ ಬಂಟ್ವಾಳ ಪೇಟೆಗೆ ಪೇಟೆಯೇ ನೆರೆದಿತ್ತು. ಇನ್‌ಸ್ಪೆಕ್ಟರರು ಜನರನ್ನು ನೋಡಿದರು. ಹರಿಯಬೇಕಾದರೆ ಕಾರಣ ಹೇಳಬೇಕು. ಬ್ರೇಕಿಲ್ಲದ ಗಾಡಿಗೆ ಬ್ರೇಕ್ ಇನ್‌ಸ್ಪೆಕ್ಟರರೇ ಭೇಷ್ ಎಂದು ಸಹಿ ಹಾಕಿದ್ದು ಮಂಗಳೂರಿಗೆ ಮುಟ್ಟಿದರೆ, ಮುಂದಿನ ಕ್ಯಾಂಪಿಗೆ ಬೇರೆ ಯಾರಾದರೂ ಬರಬೇಕಾದೀತು. ಅವರು ಮೆಲ್ಲಗೆ ಎದ್ದು, ಮೀಸೆಯ ನೀರು ಹಿಂಡಿ, ಗಂಟಲು ಸರಿಪಡಿಸಿಕೊಂಡರು.

"ನೀರಿನ ಪರೀಕ್ಷೆ!" ಎಂದು ಸಾರಿದರು. "ಒದ್ದೆಯಾದಾಗ ಎರಡು ಬ್ರೇಕೂ ಹೇಗೆ ಕೆಲಸ ಮಾಡುತ್ತೆ ಅಂತ ನೋಡ್ಬೇಕಿತ್ತು. ನೋಡಿದೆ. ಪರವಾಗಿಲ್ಲ."

ಜನ ಚಪ್ಪಾಳೆ ತಟ್ಟಿದರು. ಮೊಹರು ತರಿಸಿ, ತೊಟ್ಟಿಕ್ಕುತ್ತಿದ್ದ ಕೆಂಪು ಪುಸ್ತಕಕ್ಕೆ ಅಲ್ಲೇ ಒತ್ತಿ ಅವರು ಅದನ್ನು ಧರ್ಣಪ್ಪನ ಕೈಗಿಟ್ಟರು. ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಒದ್ದೆ ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

ಗಾಡಿಯನ್ನು ಹಗ್ಗ ಕಟ್ಟಿ ಮೇಲೆಳೆದರು. ಸಂತೋಷದ ಗಲಾಟೆಯಲ್ಲಿ ಹವಾಲ್ದಾರರು ಹಿಂದಿನ ಚಕ್ರದ ಬಳಿ ಗುಟ್ಟಾಗಿ ಕೂತು, ತಿರುಗಿ ಹಾಕಲೆಂದು ಕಿಸೆಯಿಂದ ನಟ್ಟು ತೆಗೆದರು. ಬಾವಾ ಮುಂದಿನ ಚಕ್ರದ ಬಳಿ ಗುಟ್ಟಾಗಿ ಕೂತು ಕಿಸೆಯಿಂದ ಸ್ಕ್ರೂ ತೆಗೆದ. ಚಕ್ರದ ಕಡ್ಡಿಗಳ ನಡುವಿನಿಂದ ಒಬ್ಬರ ಕೈಯನ್ನು ಇನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಧರ್ಣಪ್ಪನನ್ನು ನೋಡಿದರು. ಹವಾಲ್ದಾರರಿಗೆ ಕುತ್ತಿಗೆಯವರೆಗೆ ಬೆವರು ಬಂತು.

"ಸಿದ್ಧಕಟ್ಟೆಯಿಂದ ಇಲ್ಲಿಯವರೆಗೆ ನಾನು ಅದರ ಹಿಂದೆ ಕೂತು ಬಂದೆನಲ್ಲಾ ಬಾವಾ!" ಎಂದರು. ಒಂದು ತಿಂಗಳ ನಂತರ ಬಾವಾನೊಡನೆ ಅವರಾಡಿದ ಮೊದಲ ಮಾತು ಅದು.

ಆ ಹೊತ್ತಿಗೆ ಪೇಟೆಯ ಗೋದಾಮಿನಲ್ಲಿದ್ದ ಸೇಸಪ್ಪ ಧಣಿಗಳು ತಮ್ಮ ಗಾಡಿ ಹೊಳೆಗೆ ಬಿದ್ದ ಸುದ್ದಿ ಕೇಳಿ, ಅಳಿಯ ಜತ್ತಪ್ಪನನ್ನೂ ಕರೆದುಕೊಂಡು ಧಾವಿಸಿ ಬಂದರು. ಇನ್‌ಸ್ಪೆಕ್ಟರರು ಅವರನ್ನು ದಾರಿಯಲ್ಲೇ ತಡೆದರು. ಧರ್ಣಪ್ಪ ಬಾಯಿ ಬಿಡದಂತೆ ಹೊಗಳಿಕೆಯಿಂದಲೇ ಬಾಯಿ ಕಟ್ಟಬೇಕೆಂದು ಅವರು ನಿಶ್ಚಯಿಸಿದ್ದರು.

"ನಿಮ್ಮ ಈ ಧರ್ಣಪ್ಪ ಬಂಗಾರ ಕಣ್ರೀ! ಇಂಥೋರನ್ನ ಬೀಡಿ ಒತ್ತೋಕೆ ಕಳಿಸ್ತೀರಾ? ಈ ತಾಲೂಕಲ್ಲಿ ಗಾಡಿ ಕಲಿಸೋಕೆ ಇವರಿಗಿಂತ ಯೋಗ್ಯರು ಇಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

ಧಣಿಗಳು ಧರ್ಣಪ್ಪನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದರು. ಧರ್ಣಪ್ಪ ಕೆಂಪು ಪುಸ್ತಕ ಮುಂದೆ ಹಿಡಿದು, "ಸಿಕ್ಕಿತು ಧಣಿ," ಎಂದ.

"ಒಳ್ಳೇದಾಯಿತು ಧರ್ಣಪ್ಪ, ಬಹಳ ಒಳ್ಳೇದಾಯಿತು! ನನ್ನ ತಲೆಯ ಮೇಲಿನ ದೊಡ್ಡ ಭಾರ ಇಳಿಯಿತು." ಧಣಿಗಳು ಅವನ ಹೆಗಲು ತಟ್ಟಿದರು. "ನಮ್ಮ ಜತ್ತಪ್ಪನಿಗೆ ಗಾಡಿ ಕಲಿಯುವ ಆಸೆ. ಹಿಂದೆ ಲೈಸೆನ್ಸ್ ಇದ್ದವನು ಕೂರಬೇಕು ಅಂತ ಕಾನೂನು. ಇವನ ಹಿಂದೆ ಕೂರಲು ಊರಲ್ಲಿ ಒಂದು ನರಪಿಳ್ಳೆಯೂ ಒಪ್ಪುವುದಿಲ್ಲ. ಇನ್ನು ನೀನು ಉಂಟಲ್ಲ. ದೊಡ್ಡ ಚೆಕ್ಕರ್ ಕೆಲಸ ಅವನು ನೋಡಲಿ, ಅವನನ್ನು ನೀನು ನೋಡು. ಇವತ್ತಿನಿಂದಲೇ ಆಗಲಿ, ಏನು?"

ಧರ್ಣಪ್ಪ ಹವಾಲ್ದಾರರ ಕಡೆ ನೋಡಿದ. ಅವರು ಟೋಪಿಯ ಹುಲ್ಲು ತೆಗೆಯುತ್ತಿದ್ದರು. ಬಾವಾನ ಕಡೆ ನೋಡಿದ. ಅವನಿಗೆ ಬಸ್ಸಿನ ಹೊತ್ತಾಗಿತ್ತು. ಇನ್‌ಸ್ಪೆಕ್ಟರರು ಹೊಳೆಯ ಸೌಂದರ್ಯವನ್ನು ನೋಡುತ್ತಿದ್ದರು.

"ಆಗಲಿ ಧಣಿ," ಎಂದ.

ಜತ್ತಪ್ಪ ಕಪ್ಪು ಕನ್ನಡಕ ಏರಿಸಿ ಗಾಡಿಯ ಮೇಲೆ ಕೂತ. ಒದ್ದೆಯಾದ ಇಂಜಿನು ಹತ್ತಾರು ಸಲ ಸೀನಿ ಕಡೆಗೆ ಗುಡುಗಿತು. ಧರ್ಣಪ್ಪ ಹಿಂದೆ ಏರಿ, ಸಣ್ಣ ಧಣಿಯ ಸೊಂಟ ತಬ್ಬಿಕೊಂಡ.

"ಸಣ್ಣ ಧಣಿಗಳೇ, ಹೊರಡುವ ಮೊದಲು ಬ್ರೇಕಿನ ವಿಷಯ ಒಂದು ಹೇಳ್ತೇನೆ. ಮುಂದಿನದ್ದು ಒಂದು, ಹಿಂದಿನದ್ದು ಒಂದು..."

"ನನಗೆ ಎಂತಕ್ಕೆ ಧರ್ಣಪ್ಪಣ್ಣ ಬ್ರೇಕು?" ಎಂದ ಜತ್ತಪ್ಪ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸುತ್ತ. "ನಿಲ್ಲಿಸ್ಲಿಕ್ಕೆ ನೀವು ಹಿಂದೆ ಇದ್ದೀರಲ್ಲ!"